ಎಚ್ಚರಿಕೆ: ಗಿಟಾರ್ ವೈರಿಂಗ್ ಬದಲಿಸಲು ಕೊಟ್ಟವರು ಒಳಗೆ ನೋಡದೆ ಹಣ ಕೊಡಬೇಡಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಗಿಟಾರ್‌ಗೆ ಕೊಟ್ಟದ್ದು 6,500 ರೂಪಾಯಿ, ಅದೂ ಯಾರೋ ಬಳಸಿ ಬಿಟ್ಟದ್ದು. ಅದರೊಳಗಿನ ವೈರಿಂಗ್ ಬದಲಿಸಿಕೊಡಲು ಕೊಟ್ಟದ್ದು 9,800 ರೂಪಾಯಿ. ಅಷ್ಟು ಹಣಕ್ಕೆ ನಿಜವಾಗಿ ಬದಲಾದದ್ದು ಏನು ಎಂಬುದನ್ನು ಮುಂದೆ ಹೇಳುತ್ತೇನೆ, ಈಗಲೇ ಹೇಳಲು ನಾಚಿಕೆಯಾಗುತ್ತದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ನಿನ್ನೆ ರಾತ್ರಿ ಆ ಮನುಷ್ಯನಿಂದ ಬಂದ ಸಂದೇಶ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಬೆಂಗಳೂರಿನ ಬಸವೇಶ್ವರನಗರದವನು, ವಯಸ್ಸು 46. ಕಾಲೇಜಿನಲ್ಲಿದ್ದಾಗ ಅಷ್ಟಿಷ್ಟು ಗಿಟಾರ್ ನುಡಿಸುತ್ತಿದ್ದೆ. ಅಕ್ಕನ ಮಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಒಂದು ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಕೊಂಡು, ಬಿಚ್ಚಿ, ಒಳಗಿನದನ್ನೆಲ್ಲ ನಮ್ಮ ಕೈಯಾರೆ ಬದಲಿಸೋಣ ಎಂದು ಇಬ್ಬರೂ ಹುರುಪಿನಿಂದ ಹೊರಟೆವು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಮಾದರಿಯ ನಕಲು: ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಪಿಕಪ್, ಒಂದು ವಾಲ್ಯೂಮ್, ನಾದದ ಮೊನಚು ತಗ್ಗಿಸಲು ಎರಡು ಟೋನ್, ಯಾವ ಪಿಕಪ್ ನುಡಿಯಬೇಕೆಂದು ಆರಿಸಲು ಐದು ಸ್ಥಾನದ ಸ್ವಿಚ್. ಇಂಥ ಗಿಟಾರ್‌ಗಳಲ್ಲಿ ಮರ ಅಷ್ಟೇನೂ ಕೆಟ್ಟದಾಗಿರುವುದಿಲ್ಲ, ಕಂಪನಿಯವರು ಕಾಸು ಉಳಿಸುವುದು ಒಳಗಿನ ಭಾಗಗಳಲ್ಲಿ. ಬಹಳ ಜನ ಮಾಡುವ ಕೆಲಸವೇ ಇದು.

ಮೊದಲ ತಪ್ಪು ನನ್ನದೇ. ಟೋನ್‌ನ ಕೆಪಾಸಿಟರ್ ಎಂಬ ಹಳೆಯ ಪುಟ್ಟ ಬಿಡಿಭಾಗ ತೆಗೆದು 0.022 ಮೈಕ್ರೋಫ್ಯಾರಡ್‌ನದನ್ನು ಹಾಕಲು ಹೋಗಿ, ಮನೆಯಲ್ಲಿದ್ದ 60 ವ್ಯಾಟ್‌ನ ಹಳೆಯ ಸೋಲ್ಡರಿಂಗ್ ಐರನ್ನನ್ನು ಸ್ವಿಚ್‌ಗೆ ತಾಗಿಸಿಬಿಟ್ಟೆ. ಸ್ವಿಚ್ ಎಂದರೆ ಅಗ್ಗದ ಗಿಟಾರ್‌ಗಳಲ್ಲಿ ಬರುವ ಪ್ಲಾಸ್ಟಿಕ್ ಡಬ್ಬಿಯಂಥದ್ದು, ಒಂದೇ ಸಾಲಿನಲ್ಲಿ ಎಂಟು ಕಾಲು. ಅದರ ಒಂದು ಮೂಲೆ ಕರಗಿ ಅರ್ಧಚಂದ್ರದಂತೆ ಒಳಕ್ಕೆ ಕುಸಿಯಿತು. ಒಂದು ವೈರ್ ಕಳಚಿಕೊಂಡಿತು, ನಡುವಿನ ಪಿಕಪ್ ಮೌನವಾಯಿತು. ಅಕ್ಕನ ಮಗ ಅದನ್ನು ನೋಡಿ, "ಮಾಮ, ಇನ್ನು ನೀವು ಮುಟ್ಟಬೇಡಿ" ಎಂದ. ಆ ಅರ್ಧಚಂದ್ರವನ್ನು ನೆನಪಿಟ್ಟುಕೊಳ್ಳಿ.

ಹೆದರಿ ತಜ್ಞನನ್ನು ಹುಡುಕಿದೆ. ಹೆಸರು ಹೇಳುವುದಿಲ್ಲ. ಹೊರವರ್ತುಲ ರಸ್ತೆಯ ಆಚೆ, ಮೊದಲ ಮಹಡಿಯಲ್ಲಿ ಒಂದು ಕೋಣೆ, ಗೋಡೆಯ ತುಂಬ ಗಿಟಾರ್. ಆತ ಕಾಫಿ ತರಿಸಿದ. ಮಾತಿಗೆ ಮೊದಲು ಸರ್, ಮಾತಿನ ಕೊನೆಗೆ ಸರ್. ನನ್ನ ಗಿಟಾರನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು, "ಒಳ್ಳೆಯ ಮರ ಸರ್, ಒಳಗೆ ಜೀವ ತುಂಬಬೇಕು ಅಷ್ಟೆ" ಎಂದ. ಮನೆಯಲ್ಲಿ ಎಲ್ಲರೂ ನಗುತ್ತಿದ್ದ ಗಿಟಾರನ್ನು ಒಬ್ಬರಾದರೂ ಹೊಗಳಿದರಲ್ಲ ಎಂದು ನಾನು ಅಲ್ಲೇ ಕರಗಿಹೋದೆ.

ಆತ ಹೇಳಿದ ಲೆಕ್ಕ ಇದು. ಆಲ್ನಿಕೋ 5 ಎಂಬ ಮಿಶ್ರಲೋಹದ ಅಯಸ್ಕಾಂತವಿರುವ ಮೂರು ಪಿಕಪ್‌ಗೆ 5,400. ದೊಡ್ಡ ಗಾತ್ರದ ಮೂರು 250ಕೆ ಪಾಟ್‌ಗೆ, ಅಂದರೆ ವಾಲ್ಯೂಮ್, ಟೋನ್ ತಿರುಗಿಸುವ 250 ಕಿಲೋಓಮ್‌ನ ಭಾಗಗಳಿಗೆ, 1,500. ಹೊಸ ಸ್ವಿಚ್ 1,100. ಮರದಲ್ಲಿ ಕೊರೆದ ಒಳಗುಂಡಿಗಳಿಗೆಲ್ಲ ಗುಂಯ್ ಶಬ್ದ ತಗ್ಗಿಸುವ ತಾಮ್ರದ ಹಾಳೆ ಅಂಟಿಸಲು 800. ಕೂಲಿ ಒಂದು ಸಾವಿರ. ಸ್ವಿಚ್‌ಗೆ ಅಷ್ಟೇಕೆ ಎಂದು ಕೇಳಿದ್ದಕ್ಕೆ, "1954ರ ಮೊದಲ ಸ್ಟ್ರಾಟೋಕಾಸ್ಟರ್‌ನಲ್ಲಿ ಇದ್ದಂಥದ್ದೇ ಐದು ಸ್ಥಾನದ ಸ್ವಿಚ್ ಸರ್, ಲೋಹದ ಚೌಕಟ್ಟಿನದು" ಎಂದ. ನಾನು ಕೋಲೆ ಬಸವನಂತೆ ತಲೆಯಾಡಿಸಿದೆ. ಬಿಲ್ ಕೇಳಿದಾಗ, "ನಂಬಿಕೆಯ ಮೇಲೆ ನಡೆಯುವ ಕೆಲಸ ಇದು ಸರ್" ಎಂದ. ಅದಕ್ಕೂ ತಲೆಯಾಡಿಸಿದೆ. ಐದು ಸಾವಿರ ಮುಂಗಡ ಮೊಬೈಲ್‌ನಲ್ಲೇ ಕಳುಹಿಸಿದೆ.

ಹತ್ತು ದಿನ ಎಂದದ್ದು ಐದು ವಾರವಾಯಿತು. ಪಿಕಪ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಅಜ್ಜಿಗೆ ಹುಷಾರಿಲ್ಲ, ಮಳೆಗೆ ಕರೆಂಟ್ ಇಲ್ಲ, ಎಲ್ಲವೂ ಆಯಿತು. ನಡುವೆ ಒಂದು ಫೋಟೋ ಬಂತು. ಗಿಟಾರ್‌ನ ಗುಂಡಿಗಳ ತುಂಬ ತಾಮ್ರ ಥಳಥಳಿಸುತ್ತಿತ್ತು. ಅದನ್ನು ಕಚೇರಿಯಲ್ಲಿ ನಾಲ್ಕು ಜನಕ್ಕೆ ತೋರಿಸಿದ್ದೆ.

ಗಿಟಾರ್ ತರಲು ಹೋದ ದಿನ ನೆನಪಾದರೆ ಈಗಲೂ ಮೈ ಬಿಸಿಯಾಗುತ್ತದೆ. ಪಿಕಪ್‌ಗಳ ಬಣ್ಣ ಬದಲಾಗಿತ್ತು. ಮೊದಲು ಬಿಳಿ ಇದ್ದದ್ದು ಈಗ ಹಳೆಯ ದಂತದಂತೆ ತಿಳಿ ಹಳದಿ. ಆತ ತನ್ನದೇ ದೊಡ್ಡ ಆಂಪ್ಲಿಫೈಯರ್‌ಗೆ, ನಡುವೆ ಶಬ್ದ ಬದಲಿಸುವ ಪೆಡಲ್‌ಗಳ ಸಾಲಿಗೆ ಜೋಡಿಸಿ ಎರಡು ನಿಮಿಷ ನುಡಿಸಿದ. ಚೆನ್ನಾಗಿಯೇ ನುಡಿಸುತ್ತಾನೆ, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಕಣ್ಣು ಮುಚ್ಚಿ ಕೇಳಿ, "ಅಬ್ಬಾ, ಆಲ್ನಿಕೋ ಎಂದರೆ ಹೀಗಿರುತ್ತದೆಯೇ! ಮೊದಲಿನ ಶಬ್ದಕ್ಕೂ ಇದಕ್ಕೂ ಅಜಗಜಾಂತರ" ಎಂದೆ. ನಾನೇ ಎಂದೆ. ಆತ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಆ ಬಾಗಿದ ತಲೆಯೊಳಗೆ ಎಷ್ಟು ನಕ್ಕಿರಬೇಕು!

ಹಳೆಯ ಭಾಗಗಳನ್ನು ಕೇಳಿದೆ. "ಕಸ ಸರ್ ಅದು, ಎಸೆದುಬಿಟ್ಟೆ." ಒಮ್ಮೆ ಬಿಚ್ಚಿ ಒಳಗೆ ತೋರಿಸುತ್ತೀರಾ ಎಂದೆ. "ಸೆಟಪ್ ಕೆಟ್ಟುಹೋಗುತ್ತದೆ ಸರ್. ಒಂದು ತಿಂಗಳು ಬಿಚ್ಚಲೇಬೇಡಿ, ಮರ ಹೊಂದಿಕೊಳ್ಳಬೇಕು." ಮರ ಹೊಂದಿಕೊಳ್ಳಬೇಕಂತೆ! ಸ್ಕೂಟರ್‌ನ ಸ್ಪಾರ್ಕ್ ಪ್ಲಗ್ ಬದಲಿಸಿದರೆ ನಮ್ಮ ಬೀದಿಯ ಮೆಕ್ಯಾನಿಕ್ ಹಳೆಯದನ್ನು ಕಾಗದದಲ್ಲಿ ಸುತ್ತಿ ಕೈಗಿಡುತ್ತಾನೆ. ಅದು ಗೊತ್ತಿದ್ದೂ ಉಳಿದ 4,800 ಕೊಟ್ಟು ಬಂದೆ.

ಮನೆಯಲ್ಲಿ ನನ್ನ ಸಣ್ಣ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಗುಂಯ್ ಎಂಬ ಶಬ್ದ, ಮೊದಲಿಗಿಂತ ಜಾಸ್ತಿ. ಒಂದೇ ಸುರುಳಿಯ ಪಿಕಪ್‌ಗಳಿಗೆ ಕರೆಂಟಿನ 50 ಹರ್ಟ್ಜ್ ಗುಂಯ್ ಸ್ವಲ್ಪ ಹತ್ತಿಯೇ ಹತ್ತುತ್ತದೆ, ಗೊತ್ತು. ಆದರೆ ತಂತಿಯನ್ನು ಕೈಯಿಂದ ಮುಟ್ಟಿದರೆ ಅದು ಇಳಿಯಬೇಕು. ಇಲ್ಲಿ ಇಳಿಯಲಿಲ್ಲ. ಸಂದೇಶ ಕಳುಹಿಸಿದೆ.

"ಸರ್, ಆಲ್ನಿಕೋಗೆ ಕಿವಿ ಹೊಂದಿಕೊಳ್ಳಲು ಸಮಯ ಬೇಕು."

ಅಲ್ಲಿ ಮರ, ಇಲ್ಲಿ ಕಿವಿ. ಗುಂಯ್ ಶಬ್ದಕ್ಕೂ ಕಿವಿಗೂ ಏನು ಸಂಬಂಧ ಎಂದು ಕೇಳಿದೆ.

"ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ ಸರ್. ಎಲೆಕ್ಟ್ರೀಷಿಯನ್‌ಗೆ ತೋರಿಸಿ."

ತೋರಿಸಿದೆ! ನಿಜವಾಗಿ ಕರೆಸಿದೆ. ಆತ ಬಂದು ಎಲ್ಲ ಪ್ಲಗ್ ಪಾಯಿಂಟ್ ಪರೀಕ್ಷಿಸಿ, ಅರ್ಥಿಂಗ್ ಸರಿಯಾಗಿಯೇ ಇದೆ ಎಂದು ಹೇಳಿ 300 ರೂಪಾಯಿ ತೆಗೆದುಕೊಂಡು ಹೋದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಅಕ್ಕನ ಮಗ ಬಂದ. ತಂತಿ ಸಡಿಲಿಸಿ, ಪಿಕಪ್, ಸ್ವಿಚ್ ಎಲ್ಲವನ್ನೂ ಹೊತ್ತಿರುವ ಮುಂಭಾಗದ ಫಲಕದ, ಅಂದರೆ ಪಿಕ್‌ಗಾರ್ಡ್‌ನ ಹನ್ನೊಂದು ಸ್ಕ್ರೂ ಬಿಚ್ಚಿ, ಅದನ್ನು ಹಾಗೆಯೇ ಮಗುಚಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅರ್ಧಚಂದ್ರ. ನನ್ನದೇ ಅರ್ಧಚಂದ್ರ! ನಾನು ಸುಟ್ಟ ಅದೇ ಸ್ವಿಚ್, ಅದೇ ಕರಗಿದ ಮೂಲೆ, ಅದರ ಪಕ್ಕದಲ್ಲಿ ನಾನೇ ಬೀಳಿಸಿದ್ದ ಸೀಸದ ಹನಿ ಕೂಡ ಹಾಗೆಯೇ ಕೂತಿತ್ತು. 1,100 ರೂಪಾಯಿ ಕೊಟ್ಟು ನನ್ನ ಸ್ವಿಚ್ಚನ್ನು ನಾನೇ ಕೊಂಡಿದ್ದೆ. ಪಾಟ್‌ಗಳೂ ಅವೇ, ಹಳೆಯ ಪುಟ್ಟ ಪಾಟ್‌ಗಳು. ನಾನು ಹಾಕಲು ಹೊರಟಿದ್ದ ಕೆಪಾಸಿಟರ್ ಒಂದು ಕಾಲಿನಲ್ಲಿ ನೇತಾಡುತ್ತಿತ್ತು. ಆತ ಮಾಡಿದ ಕೆಲಸವೆಂದರೆ ಕಳಚಿದ್ದ ಒಂದು ವೈರನ್ನು ಮತ್ತೆ ಬೆಸೆದದ್ದು. ತಾಮ್ರದ ಒಂದು ಚೂರೂ ಇರಲಿಲ್ಲ.

ಆದರೂ ನನ್ನ ಮನಸ್ಸು ಪಿಕಪ್‌ಗೆ ಅಂಟಿಕೊಂಡಿತ್ತು, ಅವಾದರೂ ಹೊಸವಿರಬಹುದು, ಬಣ್ಣ ಬೇರೆ ಇದೆಯಲ್ಲ ಎಂದು. ಅಕ್ಕನ ಮಗ ಉಗುರಿನಿಂದ ಮುಚ್ಚಳ ಎಬ್ಬಿಸಿದ. ಕೆಳಗೆ ಕಪ್ಪು ಬೂದು ಬಣ್ಣದ ಪಟ್ಟಿ ಅಯಸ್ಕಾಂತ ಅಂಟಿಸಿತ್ತು. ಸ್ಟ್ರಾಟೋಕಾಸ್ಟರ್ ಮಾದರಿಯ ಆಲ್ನಿಕೋ ಪಿಕಪ್‌ನಲ್ಲಿ ತಂತಿಯ ಕೆಳಗಿನ ಆರು ಕಡ್ಡಿಗಳೇ ಅಯಸ್ಕಾಂತ, ತಳದಲ್ಲಿ ಪಟ್ಟಿ ಇರುವುದಿಲ್ಲ. ಪಟ್ಟಿ ಅಂಟಿಸಿ ಮೇಲೆ ಬರೀ ಕಬ್ಬಿಣದ ಕಡ್ಡಿ ಇಟ್ಟಿದ್ದರೆ ಅದು ಅಗ್ಗದ ಸೆರಾಮಿಕ್. ಅಂದರೆ ಬದಲಾದದ್ದು ಮೂರು ಪ್ಲಾಸ್ಟಿಕ್ ಮುಚ್ಚಳ. ಬಿಳಿ ತೆಗೆದು ಹಳದಿ ಹಾಕಿದ್ದ. 9,800 ರೂಪಾಯಿಗೆ ಮೂರು ಮುಚ್ಚಳ. ನಾನು ಕಣ್ಣು ಮುಚ್ಚಿ ಅಬ್ಬಾ ಎಂದದ್ದು ಆ ಮುಚ್ಚಳಗಳಿಗೆ.

ಆ ತಾಮ್ರದ ಫೋಟೋವನ್ನು ಮತ್ತೆ ತೆರೆದು ನೋಡಿದೆವು. ಅದರಲ್ಲಿ ಮೂರೂ ಗುಂಡಿಗಳು ಕಿರಿದು. ನನ್ನ ಗಿಟಾರ್‌ನಲ್ಲಿ ಬ್ರಿಜ್, ಅಂದರೆ ತಂತಿಗಳು ಕೂರುವ ಲೋಹದ ಆಧಾರದ ಬಳಿಯದು ಅಗಲವಾದ ಚೌಕ ಗುಂಡಿ. ಬೇರೆ ಯಾರದೋ ಗಿಟಾರ್ ಅದು. ನಾಲ್ಕು ಜನಕ್ಕೆ ಹೆಮ್ಮೆಯಿಂದ ತೋರಿಸುವಾಗ ನಾನೇ ಬಿಚ್ಚಿದ್ದ ಗಿಟಾರ್‌ನ ಗುಂಡಿ ನನಗೇ ಗುರುತು ಸಿಗಲಿಲ್ಲವಲ್ಲ! ಇನ್ನೊಂದು ಕೇಳಿ. 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಇದ್ದದ್ದು ಮೂರು ಸ್ಥಾನದ ಸ್ವಿಚ್. ಫೆಂಡರ್‌ನವರು ಐದು ಸ್ಥಾನದ್ದನ್ನು ಹಾಕತೊಡಗಿದ್ದು 1977ರಲ್ಲಿ. ಚಳ್ಳೆಹಣ್ಣು ತಿನ್ನಿಸುವವನು ಸುಳ್ಳನ್ನಾದರೂ ಸರಿಯಾಗಿ ಹೇಳಬಾರದೇ?

ಸುಟ್ಟ ಸ್ವಿಚ್ಚಿನ ಫೋಟೋ ಕಳುಹಿಸಿದೆ. ಎರಡು ದಿನದ ಮೇಲೆ ಉತ್ತರ ಬಂತು: "ನೀವೇ ಬಿಚ್ಚಿದ್ದೀರಿ ಸರ್, ಗ್ಯಾರಂಟಿ ಹೋಯಿತು." ಯಾವ ಗ್ಯಾರಂಟಿ? ಗ್ಯಾರಂಟಿಯ ಮಾತೇ ಎಂದೂ ಬಂದಿರಲಿಲ್ಲ. ಸ್ವಿಚ್ ಹಳೆಯದೇ ಇದೆಯಲ್ಲ ಎಂದೆ. "ಹೊಸದನ್ನು ನೀವು ತೆಗೆದಿಟ್ಟುಕೊಂಡು ಹಳೆಯದನ್ನು ಹಾಕಿರಬಹುದು." ಎಸೆದುಬಿಟ್ಟೆ ಎಂದವನು ನೀನೇ, ಎಸೆದದ್ದು ನನ್ನ ಕೈಗೆ ಹೇಗೆ ಬಂತು ಎಂದು ಕೇಳಿದೆ. ಅಲ್ಲಿಗೆ ನೀವು ಹೋಗಿ ನೀನು ಬಂದಿತ್ತು, ಒಪ್ಪುತ್ತೇನೆ. "ಭಾಷೆ ಸರಿ ಇರಲಿ. ಬಿಲ್ ಇದ್ದರೆ ಕಳುಹಿಸಿ." ಬಿಲ್ ಕೊಡದವನು ಬಿಲ್ ಕೇಳಿದ! ಆಮೇಲೆ ಎರಡು ವಾರ ನೀಲಿ ಗುರುತು ಮಾತ್ರ. ನಿನ್ನೆ ರಾತ್ರಿ ಬಂದದ್ದು ಇದು: "ಆರು ಸಾವಿರದ ಗಿಟಾರ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವವರು ನೀವೊಬ್ಬರೇ ಸರ್." ನಾನು ಉತ್ತರ ಬರೆಯುವಷ್ಟರಲ್ಲಿ ಆತನ ಚಿತ್ರ ಮಾಯವಾಗಿತ್ತು, ನನ್ನ ಸಂಖ್ಯೆಯನ್ನು ತಡೆಹಿಡಿದಿದ್ದ.

ಆರು ಸಾವಿರ ಅಲ್ಲ, ಆರೂವರೆ ಸಾವಿರ.

ಈ ನಡುವೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ ಪಾಟ್, ವೈರ್, ಒಂದು ಚಿಕ್ಕ ಸೋಲ್ಡರಿಂಗ್ ಐರನ್ ತಂದೆವು. ಅಂಗಡಿಯವನು ಮೊದಲು ಬಿ ಗುರುತಿನ ಪಾಟ್ ಕೊಟ್ಟ. ಅದನ್ನು ವಾಲ್ಯೂಮ್‌ಗೆ ಹಾಕಿದರೆ ಶಬ್ದ ಹದವಾಗಿ ಇಳಿಯುವುದಿಲ್ಲ, ಕೊನೆಯಲ್ಲಿ ಒಮ್ಮೆಗೇ ಬಿದ್ದುಹೋಗುತ್ತದೆ. ಎ250ಕೆ ಎಂದು ಕೇಳಿ ಪಡೆಯಿರಿ. ಸ್ವಿಚ್ ಮತ್ತು ತಾಮ್ರದ ಟೇಪ್ ಬೇರೆ ಕಡೆಯಿಂದ ತರಿಸಿದೆವು. ಪಿಕಪ್ ಬಿಟ್ಟು ಎಲ್ಲ ಸೇರಿ ಆದದ್ದು ಸಾವಿರದ ನಾನೂರು ರೂಪಾಯಿ. ಗುಂಯ್ ಶಬ್ದಕ್ಕೆ ಕಾರಣ ಕೂಡ ಸಿಕ್ಕಿತು: ಗಿಟಾರ್‌ನ ಹಿಂಬದಿಯಲ್ಲಿ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಹೋಗುವ, ತಂತಿಗಳನ್ನು ಗ್ರೌಂಡ್‌ಗೆ ಜೋಡಿಸುವ ವೈರ್ ಕಿತ್ತುಬಂದಿತ್ತು. ನನ್ನ ಹತ್ತಿರ ಇದ್ದಾಗ ಅದು ಸರಿಯಾಗಿತ್ತು. ಅಂದರೆ ಕೆಡಿಸಿ ಕಳುಹಿಸಿದ್ದ. ಆತನ ಕೋಣೆಯಲ್ಲಿ ಗುಂಯ್ ಕೇಳಿಸದಿರಲು ಆ ಪೆಡಲ್‌ಗಳಲ್ಲಿ ಶಬ್ದ ತಡೆಯುವ ಒಂದು ಇದ್ದಿರಬೇಕು ಎಂಬುದು ಅಕ್ಕನ ಮಗನ ಊಹೆ.

ಯಾರಿಗಾದರೂ ಕೊಡಲೇಬೇಕಾದರೆ ಒಳಗಿನ ಎಲ್ಲದರ ಫೋಟೋ ಮೊದಲೇ ತೆಗೆದಿಡಿ. ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಎಸೆದೆ ಎಂದರೆ ಹಣ ಕೊಡಬೇಡಿ. ನಿಮ್ಮ ಎದುರಿಗೇ ಪಿಕ್‌ಗಾರ್ಡ್ ಬಿಚ್ಚಿಸಿ. ಬೀಪ್ ಸ್ಥಾನದಲ್ಲಿಟ್ಟ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ರಿಜ್‌ಗೆ, ಇನ್ನೊಂದು ಕೇಬಲ್ ತೂರಿಸುವ ಜ್ಯಾಕ್‌ನ ಗ್ರೌಂಡ್‌ಗೆ ಇಟ್ಟರೆ ಬೀಪ್ ಎನ್ನಬೇಕು. ಮುಖ್ಯವಾಗಿ, ಕಾಫಿ ಕುಡಿಯಬೇಡಿ. ತಮಾಷೆಯಲ್ಲ, ಕಾಫಿ ಕುಡಿದ ಮೇಲೆ ಚೌಕಾಸಿ ಮಾಡಲು ನನ್ನ ಬಾಯೇ ಬರಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಬಿಲ್ ಇಲ್ಲ, ಹಣ ಕಳುಹಿಸಿದ ದಾಖಲೆ ಮತ್ತು ಸಂದೇಶಗಳಿವೆ. ಏನಾಗುತ್ತದೋ ನೋಡಬೇಕು. ಸುಟ್ಟ ಸ್ವಿಚ್ಚನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಯಾರಾದರೂ ಸಾಕ್ಷಿ ಕೇಳಿದರೆ ಬೇಕಾಗುತ್ತದೆ. ಗಿಟಾರ್ ಈಗ ನುಡಿಯುತ್ತಿದೆ, ನಾಲ್ಕನೆಯ ಸ್ಥಾನದಲ್ಲಿ ಮಾತ್ರ ಇನ್ನೂ ಕರಕರ ಎನ್ನುತ್ತದೆ. ನನ್ನ ಬೆಸುಗೆಯೇ ಸರಿ ಕೂತಿಲ್ಲ ಅನ್ನಿಸುತ್ತದೆ. ಶನಿವಾರ ಅಕ್ಕನ ಮಗ ಬರುತ್ತಾನೆ, ಬಿಚ್ಚಿ ನೋಡುತ್ತೇವೆ.