ಮುರಕಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ

ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ಆದರೆ ಹಳೇ ಕಾರಿನ ಹುಚ್ಚು ಇದೆ, ಒಂದು ಪೆಟ್ಟಿಗೆ ತುಂಬ ಸ್ಪ್ಯಾನರ್ ಇದೆ, ಜೊತೆಗೆ ಯೂಟ್ಯೂಬ್ ಬೇರೆ ಇದೆ. ಈ ಮೂರೂ ಒಟ್ಟು ಸೇರಿದರೆ ಏನಾಗುತ್ತದೆ ಅಂತ ಕಳೆದ ಮೇ ತಿಂಗಳಲ್ಲಿ ಗೊತ್ತಾಯಿತು. ಎಡಗೈ ಕಿರುಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಉಗುರು ಇನ್ನೂ ಪೂರ್ತಿ ಬಂದಿಲ್ಲ. ಅದು ಅಷ್ಟಕ್ಕೇ ಮುಗಿದದ್ದು ನನ್ನ ಜಾಣತನದಿಂದ ಅಲ್ಲ, ಕಾರಿನ ಅಡಿಯಲ್ಲಿ ಸುಮ್ನೆ ಬಿದ್ದಿದ್ದ ಒಂದು ಟಯರಿನಿಂದ.

ಕಾರು 1965ರ ಎಂಜಿಬಿ ರೋಡ್‌ಸ್ಟರ್. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ಎರಡು ಸೀಟು, ಮಡಚುವ ಟಾಪ್. ಎಂಜಿಬಿಯ ಎಲ್ಲ ಮಾದರಿ ಸೇರಿ ಐದು ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ, ಹಾಗಾಗಿ ಬಿಡಿಭಾಗಗಳು ಈಗಲೂ ಸಿಗುತ್ತವೆ. ಕೊರಿಯರ್ ಮತ್ತು ಕಸ್ಟಮ್ಸ್ ಬಿಲ್ ನೋಡುವ ಧೈರ್ಯ ಬೇಕು ಅಷ್ಟೆ. ನನ್ನದು ಮೂಡಿಗೆರೆ ಕಡೆಯ ಕಾಫಿ ತೋಟದ ಶೆಡ್ಡಿನಲ್ಲಿ ಸುಮಾರು ಇಪ್ಪತ್ತು ವರ್ಷ ನಿಂತಿತ್ತು. ಅಲ್ಲಿಯ ಮಳೆ ತಿಂದು ಉಳಿಸಿದ್ದನ್ನು ಇಲ್ಲಿಯ ಉಪ್ಪುಗಾಳಿ ತಿನ್ನತೊಡಗಿತು. ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ, ಸಮುದ್ರಕ್ಕೆ ಎರಡು ಕಿಲೋಮೀಟರ್ ಕೂಡ ಇಲ್ಲ. ಗೇಟಿನ ಚಿಲಕವೇ ಇಲ್ಲಿ ನಾಲ್ಕು ಮಳೆಗಾಲ ತಡೆಯುವುದಿಲ್ಲ.

ಹಿಂದಿನ ಬಲಭಾಗ ಒಂದು ಇಂಚು ಕೂತಿತ್ತು. ಹಂಪ್ ಹತ್ತಿಸಿದರೆ ಕಟಕ್ ಅಂತ ಶಬ್ದ. ಅಂಬಾಸಿಡರ್ ಬಿಚ್ಚಿ ಗೊತ್ತಿದ್ದವರಿಗೆ ಇದರ ಹಿಂದಿನ ಸಸ್ಪೆನ್ಶನ್‌ನಲ್ಲಿ ಹೊಸದೇನೂ ಇಲ್ಲ. ಎರಡು ಚಕ್ರಗಳ ನಡುವೆ ಗಟ್ಟಿ ಆಕ್ಸಲ್, ಎರಡು ಬದಿಗೂ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಕಮಾನು. ಸ್ಪ್ರಿಂಗನ್ನು ಆಕ್ಸಲ್‌ಗೆ ಯು-ಬೋಲ್ಟ್ ಹಿಡಿದಿರುತ್ತದೆ. ಸ್ಪ್ರಿಂಗಿನ ಮುಂದಿನ ಕಣ್ಣು, ಅಂದರೆ ತುದಿಯ ದುಂಡು ತೂತು, ಒಳಗಿನ ರಬ್ಬರ್ ಬುಶ್ ಸಮೇತ ಒಂದೇ ಬೋಲ್ಟಿನಲ್ಲಿ ಕಾರಿನ ಬಾಡಿಯಲ್ಲಿ ಕೂತಿರುತ್ತದೆ, ಹಿಂದಿನದು ಶ್ಯಾಕಲ್ ಅನ್ನುವ ಕೊಂಡಿಯಲ್ಲಿ ತೂಗಾಡುತ್ತದೆ. ಇಷ್ಟೇ ತಾನೇ, ಶನಿವಾರ ಬಿಚ್ಚುವುದು, ಆದಿತ್ಯವಾರ ಕಟ್ಟುವುದು ಅಂತ ಲೆಕ್ಕ ಹಾಕಿದೆ. ಮಳೆ ಹಿಡಿಯುವ ಮೊದಲು ಮುಗಿಸುವ ಅವಸರ ಬೇರೆ.

ಜ್ಯಾಕ್ ಇತ್ತು, ಒಳ್ಳೆಯ ಟ್ರಾಲಿ ಜ್ಯಾಕ್. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಇರಲಿಲ್ಲ. ಕಂಪೌಂಡ್ ಕಟ್ಟಿಸಿದಾಗ ಉಳಿದ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಬಾವಿಕಟ್ಟೆಯ ಹತ್ತಿರ ರಾಶಿ ಇತ್ತು. ಒಂದೊಂದು ಕಲ್ಲು ಎತ್ತುವಾಗ ಸೊಂಟ ಹಿಡಿಯುವಷ್ಟು ಭಾರ. ಇಷ್ಟು ಭಾರದ್ದು ಗಟ್ಟಿ ಇರದೆ ಇರುತ್ತದಾ ಅಂದುಕೊಂಡೆ. ಬದಿಗೆ ಎರಡರಂತೆ ಒಂದರ ಮೇಲೊಂದು ಇಟ್ಟು, ಮೇಲೆ ಹಲಸಿನ ಹಲಗೆ ತುಂಡು ಹಾಕಿ, ಕಾರನ್ನು ಇಳಿಸಿದೆ. ಅಲುಗಾಡಿಸಿ ನೋಡಿದೆ. ಬಂಡೆ ಹಾಗೆ ನಿಂತಿತ್ತು. ಫೋಟೋ ತೆಗೆದು ಭಾವನಿಗೂ ಕಳಿಸಿದೆ.

ಚಕ್ರ ಬಿಚ್ಚಿದೆ. ಅಂಗಳದಲ್ಲಿ ಕಾಲಿಗೆ ಸಿಗುತ್ತದೆ ಅಂತ ಹೆಂಡತಿ ಗೊಣಗಿದ್ದಕ್ಕೆ ಎಡಬದಿಯ ಚಕ್ರವನ್ನು ಸಿಲ್ಲಿನ, ಅಂದರೆ ಬಾಗಿಲ ಕೆಳಗಿನ ಪಟ್ಟಿಯ, ಅಡಿಗೆ ತಳ್ಳಿದೆ. ಯು-ಬೋಲ್ಟ್ ಬಂತು. ಶ್ಯಾಕಲ್ ಬಂತು. ಮುಂದಿನ ಕಣ್ಣಿನ ಬೋಲ್ಟ್ ಬರಲಿಲ್ಲ. ನಟ್ ಬಂತು, ಬೋಲ್ಟ್ ಮಾತ್ರ ಇಲ್ಲ. ಸ್ಪ್ಯಾನರ್ ಹಾಕಿ ಒತ್ತಿದರೆ ಸ್ವಲ್ಪ ತಿರುಗುತ್ತದೆ, ಕೈ ಬಿಟ್ಟ ಕೂಡಲೇ ಮೆಲ್ಲ ವಾಪಸ್ ಬರುತ್ತದೆ. ಜೀವ ಇದ್ದ ಹಾಗೆ. ಇನ್ನೇನು ಬಿಡುತ್ತದೆ ಅಂತ ನಾನು ಇನ್ನೂ ಜೋರಾದೆ. ಬಾವಿ ಪಂಪಿನ ಹಳೇ ಜಿಐ ಪೈಪ್, ನಾಲ್ಕಡಿ ಉದ್ದದ್ದು, ಸ್ಪ್ಯಾನರ್ ಹಿಡಿಗೆ ತೂರಿಸಿ, ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ಎರಡೂ ಕೈಯಲ್ಲಿ ಜಗ್ಗಿದೆ.

ಮೊದಲು ಶಬ್ದ ಏನೂ ಆಗಲಿಲ್ಲ. ಕಿವಿಯ ಹತ್ತಿರ ಕೆಂಪು ಪುಡಿ ಉದುರಿತು. ಕುತ್ತಿಗೆಗೆ ಬಿತ್ತು, ಇರುವೆ ಹರಿದ ಹಾಗೆ ಆಯಿತು. ಇದೆಂತದು ಅಂತ ತಲೆ ಆ ಕಡೆ ತಿರುಗಿಸುವಾಗ ಮೇಲಿನ ಕಲ್ಲಿನ ಒಂದು ಮೂಲೆ ಬಿಸ್ಕೂಟಿನ ಹಾಗೆ ಕಳಚಿತು. ಹಲಗೆ ಜಾರಿತು. ಕಾರು ಎಡಕ್ಕೆ ವಾಲಿ ಇಳಿಯಿತು. ಬೀಳಲಿಲ್ಲ, ಇಳಿಯಿತು. ಸಿಲ್ಲು ಬಂದು ಆ ಟಯರಿನ ಮೇಲೆ ಕೂತು ನಿಂತಿತು. ನನ್ನ ಎದೆಗೂ ಕಾರಿಗೂ ನಡುವೆ ಉಳಿದದ್ದು ಒಂದು ಗೇಣು. ಕಿರುಬೆರಳು ಪೈಪಿಗೂ ನೆಲಕ್ಕೂ ನಡುವೆ ಇತ್ತು.

ಅಡುಗೆಮನೆಯಿಂದ ಅಮ್ಮ ಕೇಳಿದ್ರು, "ಎಂತ ಮಾರಾಯ ಅದು ಶಬ್ದ?" ಏನಿಲ್ಲಮ್ಮ, ಪೈಪ್ ಬಿತ್ತು ಅಂದೆ. ಸುಳ್ಳೂ ಅಲ್ಲ.

ಎಂಜಿಬಿ ಚಿಕ್ಕ ಕಾರು ಅಂತ ಕಾಣುತ್ತದೆ, ತೂಕ ಮಾತ್ರ 900 ಕಿಲೋಕ್ಕೂ ಜಾಸ್ತಿ. ಮುರಕಲ್ಲು ಮನೆಗೆ ಒಳ್ಳೆಯ ಕಲ್ಲೇ, ನನ್ನ ಅಜ್ಜನ ಮನೆ ಅದರಲ್ಲೇ ನಿಂತಿದೆ. ಗೋಡೆಯಲ್ಲಿ ಭಾರ ಕಲ್ಲಿನ ಪೂರ್ತಿ ಮೈಗೆ ಹಂಚಿಹೋಗುತ್ತದೆ. ಕಾರಿನ ಚಾಸಿ ಒಂದು ಅಂಚಿನ ಮೇಲೆ ಕೂರುತ್ತದೆ, ಸಾಲದ್ದಕ್ಕೆ ನಾವು ಅಡ್ಡಕ್ಕೆ ಜಗ್ಗುತ್ತೇವೆ. ಆ ಕಲ್ಲಿನ ತುಂಬ ತೂತು, ಒಳಗೆ ಮಣ್ಣು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ. ಇಟ್ಟಿಗೆ ಮೇಲೆ ಕಾರು ಇಡಬಾರದು ಅಂತ ನನಗೂ ಗೊತ್ತಿತ್ತು. ನಮ್ಮೂರ ಕಲ್ಲೂ ಇಟ್ಟಿಗೆಯ ಜಾತಿಯದ್ದೇ ಅಂತ ಹೊಳೆಯಲಿಲ್ಲ. ಟೊಳ್ಳು ಸಿಮೆಂಟ್ ಬ್ಲಾಕ್ ಕೂಡ ಅಷ್ಟೇ, ಒಡೆಯುವ ಮೊದಲು ಹೇಳುವುದಿಲ್ಲ. ಮೂರು ಟನ್ನಿನ ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ಆಮೇಲೆ ತಂದೆ, 2,400 ರೂಪಾಯಿ. ಹೊಲಿಗೆ ಹಾಕಿದ ಆಸ್ಪತ್ರೆಯ ಬಿಲ್ಲು ಅದಕ್ಕಿಂತ ಜಾಸ್ತಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದವರು ಸ್ಟ್ಯಾಂಡಿನ ಕಾಲಡಿಗೂ ದಪ್ಪ ಪ್ಲೈವುಡ್ ಹಾಕಿ, ಒಂದು ಮಳೆ ಬಿದ್ದರೆ ಆ ಟೈಲ್ ಕೂರುತ್ತದೆ.

ಬೋಲ್ಟಿನ ಕಥೆಗೆ ಬರುತ್ತೇನೆ. ಮಲ್ಪೆಯಲ್ಲಿ ಬೋಟಿನ ಇಂಜಿನ್ ಕೆಲಸ ಮಾಡುವ ಒಬ್ಬರನ್ನು ಭಾವ ಕರೆದುಕೊಂಡು ಬಂದ. ಮೇ ಮುಗಿಯುವುದರೊಳಗೆ ಅವರನ್ನು ಹಿಡಿಯಬೇಕಿತ್ತು. ಜೂನ್ 1ರಿಂದ ಎರಡು ತಿಂಗಳು ಟ್ರಾಲಿಂಗ್ ನಿಷೇಧ, ಬೋಟೆಲ್ಲ ರಿಪೇರಿಗೆ ಬರುತ್ತವೆ, ಆಮೇಲೆ ಅವರಿಗೆ ಪುರುಸೊತ್ತು ಎಲ್ಲಿಯದು? ಬಂದವರು ಮೊದಲು ಒಡೆದ ಕಲ್ಲನ್ನು ನೋಡಿದರು, ಆಮೇಲೆ ನನ್ನ ಬೆರಳಿನ ಕಟ್ಟು ನೋಡಿದರು, ಏನೂ ಹೇಳಲಿಲ್ಲ. ಅಡಿಗೆ ಹೋಗಿ ಬೋಲ್ಟನ್ನು ಒಮ್ಮೆ ತಿರುಗಿಸಿ ಬಿಟ್ಟರು.

"ಇದು ತಿರುಗುವುದಲ್ಲ ಮಾರ್ರೆ. ರಬ್ಬರ್ ತಿರುಚುವುದು."

ಆ ಬುಶ್ಶಿನ ಒಳಗೆ ಒಂದು ಕಬ್ಬಿಣದ ಕೊಳವೆ ಉಂಟು. ರಬ್ಬರ್ ಆ ಕೊಳವೆಗೇ ಅಂಟಿಕೊಂಡಿರುತ್ತದೆ. ಬೋಲ್ಟ್ ಕೊಳವೆಯ ಒಳಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿದೆ. ಹಾಗಾಗಿ ನಾನು ತಿರುಗಿಸಿದ್ದು ಬೋಲ್ಟ್, ಕೊಳವೆ, ರಬ್ಬರ್ ಮೂರನ್ನೂ ಒಟ್ಟಿಗೆ. ಬಿಟ್ಟಾಗ ರಬ್ಬರ್ ಅದನ್ನು ವಾಪಸ್ ತರುತ್ತಿತ್ತು. ನಾಲ್ಕಡಿ ಅಲ್ಲ, ನಲವತ್ತಡಿ ಪೈಪ್ ಹಾಕಿದರೂ ಅಷ್ಟೇ. ತಿರುಗಿಸಿದರೆ ಸ್ಪ್ರಿಂಗಿನ ಹಾಗೆ ವಾಪಸ್ ಬರುವ ಬೋಲ್ಟ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಕೊಯ್ಯಬೇಕು. ಬೇರೆ ದಾರಿ ಇಲ್ಲ.

ಭಾವ ಅಷ್ಟರಲ್ಲಿ ಗ್ಯಾಸ್ ಕಟ್ಟರ್ ತರಲು ಸ್ಕೂಟರ್ ಹತ್ತಿದ್ದ. ಬೋಟಿನವರೇ ತಡೆದರು. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ನೆಲದ ಅಡಿಯಲ್ಲೇ ಇರುವುದು. ಬ್ಯಾಟರಿ ಬೇರೆ ಸೀಟಿನ ಹಿಂದೆ, ಆಕ್ಸಲ್‌ಗೆ ಮುಂದೆ, ಆರು ವೋಲ್ಟಿನವು ಎರಡು. ಅಲ್ಲಿ ಬೆಂಕಿ ಆಡಿಸುವುದೆಂದರೆ ಸಮಾ ಆಯಿತು. ಕೊನೆಗೆ ಸ್ಪ್ರಿಂಗ್ ಕಣ್ಣಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿನಲ್ಲಿ ಬರಿಯ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೊಯ್ದೆವು. ಎರಡು ಬದಿಗೆ ಸೇರಿ ಹನ್ನೊಂದು ಬ್ಲೇಡ್, ಒಂದು ಇಡೀ ದಿನ. ಹೊಸ ಬೋಲ್ಟ್ ಹಾಕುವಾಗ ಅವರು ಅದರ ಮೈಗೆಲ್ಲ ದಪ್ಪ ಗ್ರೀಸ್ ಬಳಿದರು, ಬೋಟಿಗೆ ಬಳಿಯುವ ಹಾಗೆ.

ಸ್ಪ್ಯಾನರ್ ಬಗ್ಗೆ ಒಂದು ಮಾತು. ಇದೆಲ್ಲ ಇಂಚಿನ ಲೆಕ್ಕದ ಕಾರು. ಒಂಬತ್ತು-ಹದಿನಾರನೇ ಇಂಚಿನ ನಟ್ ಅಂದರೆ 14.3 ಮಿಲಿಮೀಟರ್. ನಮ್ಮ 14ರ ಸ್ಪ್ಯಾನರ್ ಕೂರುವುದಿಲ್ಲ, 15ರದ್ದು ಮೂಲೆ ತಿನ್ನುತ್ತದೆ. ನನ್ನ ನಾಲ್ಕು ನಟ್ ಹಾಗೇ ಗುಂಡಾದವು. ಇಂಚಿನ ಸೆಟ್ ತಂದುಕೊಂಡೇ ಕೂರಿ.

ಹಳೇ ಸ್ಪ್ರಿಂಗ್‌ಗಳನ್ನು ಹೈವೇ ಬದಿಯ ಲಾರಿ ಸ್ಪ್ರಿಂಗ್ ಪ್ಲೇಟಿನವರಲ್ಲಿ ಬಗ್ಗಿಸಿ ತಂದೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ಬಡಿದು ಕೊಟ್ಟರು. ನೋಡಲು ಚಂದ ಕಮಾನು. ಸರಿಯಾಗಿ ಹದ ಹಿಡಿಸದ ಪ್ಲೇಟು ಎಷ್ಟು ದಿನ ನಿಲ್ಲುತ್ತದೆ? ಒಂದು ತಿಂಗಳಲ್ಲಿ ಬಲಭಾಗ ಪುನಃ ಕೂತಿತು. ಇದಕ್ಕಿಂತ ಹೆಚ್ಚು ಹೇಳಿದರೆ ಸಿಟ್ಟು ಬರುತ್ತದೆ.

ಇನ್ನೊಂದು ತಪ್ಪು ಇನ್ನೂ ಮೋಸದ್ದು. ಸ್ಪ್ರಿಂಗ್ ಎಳೆಯಲು ಜಾಗ ಬೇಕು ಅಂತ ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಅಡಿಯ ಜ್ಯಾಕನ್ನು ಸ್ವಲ್ಪ ಇಳಿಸಿದೆ. ಆಕ್ಸಲ್ ಹೆಚ್ಚು ಕೆಳಗೆ ಹೋಗದ ಹಾಗೆ ಹಿಡಿಯಲು ರಿಬೌಂಡ್ ಸ್ಟ್ರ್ಯಾಪ್ ಅಂತ ರಬ್ಬರ್ ಪಟ್ಟಿಗಳು ಇರುತ್ತವೆ. ನನ್ನವು ಒಣಗಿ ಸೀಳಿದ್ದವು, ಒಂದು ಪಟ್ ಅಂತ ಹರಿಯಿತು. ಆಕ್ಸಲ್ ಇಳಿದು ನಿಂತದ್ದು ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸಿನ ಮೇಲೆ. ಬಾಡಿಯಿಂದ ಆಕ್ಸಲ್‌ಗೆ ಬರುವುದು ಒಂದೇ ಹೋಸು, ಎರಡು ಹಿಂದಿನ ಚಕ್ರಕ್ಕೂ ಅದೇ. ಐದು ನಿಮಿಷ ನೇತಾಡಿರಬಹುದು. ಎತ್ತಿದೆ, ಹೋಸನ್ನು ಒರೆಸಿ ನೋಡಿದೆ, ಹೊರಗೆ ಒಂದು ಗೀರೂ ಇಲ್ಲ. ಸರಿ ಉಂಟಲ್ಲ ಅಂತ ಬಿಟ್ಟೆ.

ಎಲ್ಲ ಕಟ್ಟಿ ಮೊದಲ ಸಲ ಮಲ್ಪೆ ಬೀಚಿಗೆ ಹೋದ ದಿನ ಕಾರು ಯಾಕೋ ಭಾರ ಅನ್ನಿಸಿತು. ಮೀನಿನ ವಾಸನೆಯ ನಡುವೆಯೂ ಇನ್ನೊಂದು ವಾಸನೆ, ಸುಟ್ಟ ಬ್ರೇಕ್ ಲೈನಿಂಗಿನದ್ದು. ಇಳಿದು ನೋಡಿದರೆ ಹಿಂದಿನ ಎರಡೂ ಡ್ರಮ್ ದೋಸೆಕಲ್ಲಿನ ಹಾಗೆ ಕಾದಿವೆ. ಹೋಸಿನ ಒಳಗಿನ ಪದರ ಹರಿದು ಕವಾಟದ ಹಾಗೆ ಕೂತಿತ್ತು. ಪೆಡಲ್ ಒತ್ತಿದರೆ ಆಯಿಲ್ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುವುದಿಲ್ಲ, ಬ್ರೇಕ್ ಹಿಡಿದೇ ಇರುತ್ತದೆ. ಹಿಂದಿನ ಸಸ್ಪೆನ್ಶನ್ ಬಿಚ್ಚುವವರು ಆ ಹೋಸನ್ನು ಮೊದಲೇ ಬದಲಾಯಿಸುವ ಲೆಕ್ಕ ಹಾಕಿಕೊಳ್ಳಿ. ಆಕ್ಸಲ್ ಯಾವಾಗಲೂ ಜ್ಯಾಕಿನ ಮೇಲೋ ಸ್ಟ್ಯಾಂಡಿನ ಮೇಲೋ ಇರಲಿ, ಒಂದು ನಿಮಿಷಕ್ಕೂ ಬೇರೆ ಯಾವುದರ ಮೇಲೂ ಬೇಡ.

ಲಿವರ್ ಶಾಕ್ ಅಬ್ಸಾರ್ಬರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇದರಲ್ಲಿ ಈಗಿನ ಹಾಗೆ ಉದ್ದದ ಶಾಕ್ ಇಲ್ಲ, ಎಣ್ಣೆ ತುಂಬಿದ ಡಬ್ಬಿ, ಅದಕ್ಕೊಂದು ತೋಳು. ಬಿಚ್ಚಿದ್ದನ್ನು ನೆಟ್ಟಗೆ ನಿಲ್ಲಿಸಿಡಬೇಕು. ನಾನು ಜಗಲಿಯಲ್ಲಿ ಮಲಗಿಸಿಟ್ಟೆ. ಗಾಳಿ ಸೇರಿ ತೋಳು ಸತ್ತ ಹಾಗಾಯಿತು. ಜಗಲಿಯ ರೆಡ್ ಆಕ್ಸೈಡ್ ಮೇಲೆ ಎಣ್ಣೆಯ ಕಲೆ ಈಗಲೂ ಉಂಟು. ಅದರ ಮೇಲೆ ಅಮ್ಮ ಚಾಪೆ ಹಾಕಿದ್ದಾರೆ.

ಕೊನೆಗೆ ಬುಶ್. ಒಬ್ಬ ಆನ್‌ಲೈನ್ ಅಂಗಡಿಯವನಿಂದ ತರಿಸಿದ್ದೆ, ಒರಿಜಿನಲ್ ಕ್ವಾಲಿಟಿ ಅಂತ ಬರೆದಿತ್ತು. ಕಾರು ಸ್ಟ್ಯಾಂಡಿನ ಮೇಲೆ ಇರುವಾಗಲೇ, ಸ್ಪ್ರಿಂಗ್ ಕೆಳಕ್ಕೆ ಜೋತು ಬಿದ್ದಿರುವಾಗಲೇ, ಮುಂದಿನ ಬೋಲ್ಟನ್ನು ಪೂರ್ತಿ ಟೈಟ್ ಮಾಡಿದೆ. ಕೈ ಚೆನ್ನಾಗಿ ಹೋಗುತ್ತದಲ್ಲ, ಅದಕ್ಕೆ. ಸೆಪ್ಟೆಂಬರ್ ಹೊತ್ತಿಗೆ ಅದೇ ಕಟಕ್ ಶಬ್ದ. ಓಡಿದ್ದು 300 ಕಿಲೋಮೀಟರ್ ಕೂಡ ಇಲ್ಲ. ಬಿಚ್ಚಿದರೆ ರಬ್ಬರ್ ಕೊಳವೆಯ ಸುತ್ತ ಹರಿದಿದೆ. ಸುಮ್ನೆ ಬಿರುಕು ಬಿಟ್ಟದ್ದಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಹರಿದದ್ದು.

ಅಂಗಡಿಯವನಿಗೆ ಒಂದು ಪುಟ ಬೈದು ಬರೆದೆ. ಕಳಿಸಿದ ಮೇಲೆ ಯೋಚನೆ ಮಾಡಿದೆ. ರಬ್ಬರ್ ಕೊಳವೆಗೆ ಅಂಟಿದೆ, ಕೊಳವೆಯನ್ನು ಬೋಲ್ಟ್ ಹಿಡಿದಿದೆ. ಜೋತು ಬಿದ್ದ ಸ್ಥಿತಿಯಲ್ಲೇ ಟೈಟ್ ಮಾಡಿದರೆ ರಬ್ಬರ್ ಅದನ್ನೇ ತನ್ನ ನೆಟ್ಟಗಿನ ಸ್ಥಿತಿ ಅಂತ ಹಿಡಿಯುತ್ತದೆ. ಕಾರನ್ನು ಇಳಿಸಿದ ಕೂಡಲೇ ಭಾರ ಬಿದ್ದು ಸ್ಪ್ರಿಂಗ್ ಮೇಲೆ ಬರುತ್ತದೆ, ರಬ್ಬರ್ ತಿರುಚುತ್ತದೆ, ಕಾರು ಪೋರ್ಟಿಕೋದಲ್ಲಿ ಸುಮ್ಮನೆ ನಿಂತಿದ್ದರೂ ಹಗಲು ರಾತ್ರಿ ತಿರುಚಿಯೇ ಇರುತ್ತದೆ. ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ, ಕಾರನ್ನು ತನ್ನ ಕಾಲ ಮೇಲೆ ನಿಲ್ಲಿಸಿ, ಎರಡು ಸಲ ಮುಂದೆ ಹಿಂದೆ ಉರುಳಿಸಿ, ಆಮೇಲೆ ಕೊನೆಯ ಬಿಗಿ ಕೊಡಬೇಕಿತ್ತು. ಮಲ್ಪೆಯವರು ಹೋಗುವಾಗ ಇದನ್ನೇ ಹೇಳಿದ್ದರು, "ಭಾರ ಬಿದ್ದ ಮೇಲೆ ಟೈಟ್ ಮಾಡಿ." ಏನೋ ಸಾಮಾನ್ಯ ಮಾತು ಅಂತ ತಲೆ ಆಡಿಸಿದ್ದೆ.

ಆ ಬುಶ್ ಅಷ್ಟೇನೂ ಒಳ್ಳೆಯದಲ್ಲ ಅಂತ ಈಗಲೂ ಅನ್ನುತ್ತೇನೆ, ಉಗುರು ಊರಿದರೆ ಗುರುತು ಉಳಿಯುತ್ತಿತ್ತು. ಆದರೆ ಅದನ್ನು ಹರಿದದ್ದು ನಾನೇ. ಅಂಗಡಿಯವನಿಗೆ ಇನ್ನೊಂದು ಮೆಸೇಜ್ ಹಾಕಿ ಕ್ಷಮೆ ಕೇಳಿದೆ. ನೋಡಿದ್ದಾನೆ, ಉತ್ತರ ಇಲ್ಲ.

ಹೊಸ ಸ್ಪ್ರಿಂಗ್ ಮತ್ತು ಬುಶ್ ಇಂಗ್ಲೆಂಡಿನಿಂದ ಹೊರಟಿವೆ. ಕಾರು ಈಗ ಸ್ಟ್ಯಾಂಡಿನ ಮೇಲೆ ಇದೆ, ಆಕ್ಸಲ್ ಅಡಿಯಲ್ಲಿ ಇನ್ನೆರಡು ಸ್ಟ್ಯಾಂಡ್, ಸಿಲ್ಲಿನ ಅಡಿಯಲ್ಲಿ ಬಿಚ್ಚಿದ ಎರಡು ಚಕ್ರ. ಒಡೆದ ಮುರಕಲ್ಲನ್ನು ಅಮ್ಮ ಬಸಳೆ ಚಪ್ಪರದ ಬುಡಕ್ಕೆ ಹಾಕಿಸಿಕೊಂಡಿದ್ದಾರೆ.