ಹಿತ್ತಲಲ್ಲಿ ಅಬೌವ್ ಗ್ರೌಂಡ್ ಪೂಲ್: ಒಂದು ಲೈನರ್ ಸವೆದ ಮೇಲೆ ಬರೆದ ವಿಮರ್ಶೆ

ನ್ಯೂಜೆರ್ಸಿಯಲ್ಲಿ ಅಬೌವ್ ಗ್ರೌಂಡ್ ಪೂಲ್, ಅಂದರೆ ಅಗೆಯದೆ ನೆಲದ ಮೇಲೇ ನಿಲ್ಲಿಸುವ ಈಜುಕೊಳ, ತಗೊಳ್ಳಬೇಕು ಅಂದುಕೊಂಡವರು ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಬೆಲೆ ಆಮೇಲೆ. ಮೇ ಕೊನೆಗೆ ಮೆಮೋರಿಯಲ್ ಡೇ ಹೊತ್ತಿಗೆ ತೆರೆಯುತ್ತೇವೆ, ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ ಆದಮೇಲೆ ಮುಚ್ಚುತ್ತೇವೆ. ಅದರಲ್ಲೂ ಜೂನ್ ಮೊದಮೊದಲು ನೀರು ಕೊರೆಯುತ್ತಿರುತ್ತದೆ. ನೆಮ್ಮದಿಯಾಗಿ ಇಳಿಯುವುದು ಎರಡು ತಿಂಗಳು, ಚಿಲ್ಲರೆ. ಮಿಕ್ಕ ದಿನ ಹಿತ್ತಲಲ್ಲಿ ಒಂದು ದೊಡ್ಡ ತಗಡಿನ ಡಬ್ಬ ಕೂತಿರುತ್ತದೆ. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

ನಮ್ಮದು 24 ಅಡಿ ಅಗಲದ ದುಂಡನೆ ಪೂಲ್. ಉಕ್ಕಿನ ಗೋಡೆ 52 ಇಂಚು ಎತ್ತರ, ಒಳಗೆ ನೀರು ಹಿಡಿದಿಡುವ ಪ್ಲಾಸ್ಟಿಕ್ ಹಾಳೆ (ಅದೇ ಲೈನರ್), ನೀರು ಎಲ್ಲ ಕಡೆ ನಾಲ್ಕಡಿ. ಒಟ್ಟು 13,500 ಗ್ಯಾಲನ್, ಅಂದರೆ ಸುಮಾರು 51,000 ಲೀಟರ್. ಬೇಸಿಗೆಗೆ ಬಂದಿದ್ದ ಅಪ್ಪ ಮನಸ್ಸಲ್ಲೇ ಲೆಕ್ಕ ಹಾಕಿ, "ಬೆಂಗಳೂರಲ್ಲಾದರೆ ನಾಲ್ಕು ದೊಡ್ಡ ಟ್ಯಾಂಕರ್ ಕಣೋ ಇದು" ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ವರ್ಷವರ್ಷ ಎಲ್ಲ ನೀರನ್ನೂ ಚೆಲ್ಲುವುದಿಲ್ಲ, ಕಮ್ಮಿಯಾದಷ್ಟು ತುಂಬಿಸುತ್ತೇವೆ ಅಂದಮೇಲೆ ಸ್ವಲ್ಪ ಸಮಾಧಾನವಾಯಿತು.

ಅಷ್ಟು ನೀರು ಅಂದರೆ 51 ಟನ್ ತೂಕ. ಅದಕ್ಕೇ ನೆಲ ಮಟ್ಟಸವಾಗಿರುವುದು ಎಲ್ಲಕ್ಕಿಂತ ಮುಖ್ಯ. ಒಂದು ಕಡೆ ಇಳಿಜಾರಿದ್ದರೆ ಆ ಕಡೆಯ ಗೋಡೆಯ ಮೇಲೆ ಭಾರ ಜಾಸ್ತಿ ಬೀಳುತ್ತದೆ. ತಗ್ಗಿಗೆ ಮಣ್ಣು ಸುರಿದು ಸರಿಮಾಡಿದರೆ ಅದು ಮುಂದೆ ಕುಸಿಯುತ್ತದೆ. ಎತ್ತರದ ಕಡೆಯನ್ನೇ ಕಡಿದು ಮಟ್ಟ ಮಾಡಬೇಕು. ಕೂಲಿ ಇಲ್ಲಿ ಉಳಿಸಬೇಡಿ.

ದುಡ್ಡಿನ ಮಾತಿಗೆ ಬಂದರೆ, ನೆಲ ಅಗೆದು ಕಟ್ಟುವ ಪೂಲ್ 50,000 ಡಾಲರ್ ದಾಟುವುದು ಮಾಮೂಲು. ಇದು ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಆದರೆ ಪರ್ಮಿಟ್, ಪಂಪಿಗೆ ಬೇರೆ ಕರೆಂಟ್ ಲೈನ್, ಲೋಹದ ಭಾಗಗಳನ್ನೆಲ್ಲ ಸೇರಿಸುವ ತಾಮ್ರದ ತಂತಿ, ಇನ್ಶೂರೆನ್ಸ್ ಇವೆಲ್ಲ ಪೆಟ್ಟಿಗೆ ಮೇಲಿನ ಬೆಲೆಯಲ್ಲಿ ಇರುವುದಿಲ್ಲ. ಎಷ್ಟೋ ಎಚ್‌ಒಎಗಳು (ಬಡಾವಣೆಯ ಮನೆ ಮಾಲೀಕರ ಸಂಘಗಳು) ಅಬೌವ್ ಗ್ರೌಂಡ್ ಪೂಲ್ ಬೇಡವೇ ಬೇಡ ಅನ್ನುತ್ತವೆ. ಮೊದಲು ಅದನ್ನು ಕೇಳಿಕೊಳ್ಳಿ.

ಇನ್ನು ನೀರು. ಇದೇ ನಿಜವಾದ ಕೆಲಸ. ಪೂಲ್ ಅಂಗಡಿಯವರು ನೀರನ್ನು ಬಿಟ್ಟಿಯಾಗಿ ಪರೀಕ್ಷೆ ಮಾಡಿಕೊಡುತ್ತಾರೆ, ಜೊತೆಗೆ ನಾಲ್ಕು ಡಬ್ಬಿಗಳ ಪಟ್ಟಿಯನ್ನೂ ಕೈಗಿಡುತ್ತಾರೆ. ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) ಏರಿಸುವ ಪುಡಿ ಅಂತ ಮಾರುವುದು ಅಡುಗೆ ಸೋಡಾ. ಪಿಎಚ್ ಏರಿಸುವುದು ವಾಷಿಂಗ್ ಸೋಡಾ. ಎರಡೂ ದಿನಸಿ ಅಂಗಡಿಯಲ್ಲಿ ಅಗ್ಗ. ಹನಿ ಹಾಕಿ ನೀರು ಪರೀಕ್ಷಿಸುವ ಒಂದು ಒಳ್ಳೆ ಡ್ರಾಪ್ ಕಿಟ್ ತಗೊಂಡರೆ ಅಂಗಡಿಯ ಹಂಗೇ ಬೇಡ. ಮೊಣಕೈ ಮುಳುಗುವಷ್ಟು ಆಳದಿಂದ 10 ಮಿಲಿ ನೀರು ತೆಗೆದು ಕಿಟ್‌ನಲ್ಲಿರುವ ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಆಮೇಲೆ ಕಿಟ್‌ನ ದ್ರಾವಣವನ್ನು ಒಂದೊಂದೇ ಹನಿ ಬಿಡುತ್ತಾ ಅಲ್ಲಾಡಿಸಬೇಕು. ಆರನೇ ಹನಿಗೆ ಬಣ್ಣ ಹೋಯಿತಾ? ಹನಿಗೆ ಅರ್ಧದಂತೆ ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷಕ್ಕೆ ಮೂರು ಪಾಲು) ಇದೆ, ಆರಾಮಾಗಿ ಇಳಿಯಿರಿ.

ದೊಡ್ಡ ಕ್ಲೋರಿನ್ ಬಿಲ್ಲೆಗಳು ಸೋಮಾರಿಗಳಿಗೆ ವರ. ನಾನೂ ಅದೇ ಜಾತಿ. ಆದರೆ ಬಿಲ್ಲೆಯ ಜೊತೆ ಸಯನ್ಯೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ತಡೆಯುವುದು ಅದೇ, ಅತಿಯಾದರೆ ಕ್ಲೋರಿನ್ನಿನ ಕೈ ಕಟ್ಟುವುದೂ ಅದೇ. ಆಗ ಒಂದಷ್ಟು ನೀರು ಚೆಲ್ಲಿ ಹೊಸದು ತುಂಬುವುದು ಬಿಟ್ಟು ಬೇರೆ ದಾರಿ ಇಲ್ಲ. ಹಾಗಾಗಿ ಜುಲೈ ಬಂದಮೇಲೆ ನಾನು ಲಿಕ್ವಿಡ್ ಕ್ಲೋರಿನ್‌ಗೆ ಹೊರಳುತ್ತೇನೆ. ಇನ್ನೊಂದು ಮಾತು: ಬಿಲ್ಲೆ ಹಾಕುವ ಡಬ್ಬಿಗೆ ಶಾಕ್ ಪುಡಿ (ಒಮ್ಮೆಲೇ ಜಾಸ್ತಿ ಕ್ಲೋರಿನ್ ಕೊಡುವ ಪುಡಿ) ಯಾವತ್ತೂ ಹಾಕಬೇಡಿ. ಎರಡೂ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.

ನಮ್ಮವರ ಮನೆಗಳಿಗೇ ಮೀಸಲಾದ ಒಂದು ತೊಂದರೆ ಇದೆ. ಅಜ್ಜಿ ಭಾನುವಾರ ಬೆಳಗ್ಗೆ ಮೊಮ್ಮಕ್ಕಳ ತಲೆಗೆ ತೆಂಗಿನೆಣ್ಣೆ ತಿಕ್ಕಿ ಕೂರಿಸಿದ್ದರು. ಮಕ್ಕಳು ಹಾಗೇ ಹೋಗಿ ಧುಮುಕಿದರು. ಸಂಜೆಗೆ ಲೈನರ್ ಸುತ್ತ ನೀರಿನ ಮಟ್ಟಕ್ಕೆ ಸರಿಯಾಗಿ ಕಂದು ಜಿಡ್ಡಿನ ಗೆರೆ. ನೀರಿನ ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಮೇಪಲ್ ಬೀಜ, ಒಂದು ಸತ್ತ ಜೀರುಂಡೆ, ಎಲ್ಲಕ್ಕೂ ಎಣ್ಣೆ ಪಸೆ. ಫಿಲ್ಟರ್‌ನ ಮರಳಿಗೂ ಜಿಡ್ಡು ಹಿಡಿಯಿತು. ಈಗ ಸೀಗೆಕಾಯಿಯೋ ಶಾಂಪೂವೋ, ತಲೆ ತೊಳೆಯದೆ ಯಾರಿಗೂ ಪ್ರವೇಶ ಇಲ್ಲ.

ದೊಡ್ಡವರಿಗೆ ಅಡ್ಡಿಯಾಗುವುದು ಏಣಿ. ನಾಲ್ಕಡಿಗೂ ಮೇಲಿನ ಗೋಡೆ ಹತ್ತಿ, ಆ ಕಡೆ ಇಳಿಯಬೇಕು. ಮೆಟ್ಟಿಲು ಕಿರಿದು, ಕಾಲಿಟ್ಟರೆ ಸ್ವಲ್ಪ ಅಲ್ಲಾಡುತ್ತದೆ. ಮಂಡಿ ನೋವಿರುವ ನಮ್ಮಮ್ಮ ಒಂದು ಸಲವೂ ನೀರಿಗಿಳಿಯಲಿಲ್ಲ. ಡೆಕ್ ಕಟ್ಟಿಸಿದರೆ ಸುಲಭವಾಗುತ್ತದೆ, ಆದರೆ ಅದರ ಖರ್ಚು ಪೂಲನ್ನೇ ಮೀರಿಸಬಹುದು.

ಅದೇ ಎತ್ತರ ಪುಟ್ಟ ಮಕ್ಕಳ ವಿಷಯದಲ್ಲಿ ಅನುಕೂಲ. ಏಣಿ ಮಡಚಿ ಬೀಗ ಹಾಕಿದರೆ ಗೋಡೆಯೇ ಬೇಲಿ. ಹಾಗಂತ ಮೈಮರೆಯುವಂತಿಲ್ಲ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಅತಿ ಹೆಚ್ಚು ಸಾಯುವುದು ನೀರಿನಲ್ಲಿ ಮುಳುಗಿಯೇ. 2025ರ ಜುಲೈನಲ್ಲಿ ಮೂರು ಕಂಪನಿಗಳ ಸುಮಾರು 50 ಲಕ್ಷ ಫ್ರೇಮ್ ಪೂಲ್‌ಗಳ (ಲೋಹದ ಕಂಬಗಳ ಚೌಕಟ್ಟಿನ ಮೇಲೆ ನಿಲ್ಲುವಂಥವು) ರೀಕಾಲ್ ಆಯಿತು, ಅಂದರೆ ದೋಷ ಇದೆಯೆಂದು ಕಂಪನಿಗಳೇ ಸರಿಪಡಿಸಲು ಮುಂದಾದವು. ಕಂಬಗಳ ಹೊರಗೆ ಸುತ್ತಿದ ಪಟ್ಟಿಯ ಮೇಲೆ ಕಾಲಿಟ್ಟು ಮಕ್ಕಳು ಹತ್ತಿಬಿಡುತ್ತಿದ್ದರು. 2007ರಿಂದ 2022ರೊಳಗೆ ಹೀಗೆ ಒಂಬತ್ತು ಮಕ್ಕಳು ತೀರಿಕೊಂಡಿದ್ದರು ಎಂದು ನಂಬಲಾಗಿದೆ. ಪರಿಹಾರವಾಗಿ ಪಟ್ಟಿಯ ಬದಲು ಕಟ್ಟಲು ಹಗ್ಗದ ಕಿಟ್ ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕಂಬಗಳ ಹೊರಗೆ ಅಂಥ ಪಟ್ಟಿ ಇದೆಯಾ ನೋಡಿ.

ಚಳಿಗಾಲಕ್ಕೆ ನೀರನ್ನು ಸ್ಕಿಮ್ಮರ್‌ಗಿಂತ ಕೆಳಗಿಳಿಸಿ, ಪಂಪ್ ಬಿಚ್ಚಿ ಒಳಗಿಟ್ಟು, ಕವರ್ ಕೆಳಗೆ ಗಾಳಿ ದಿಂಬು ತೇಲಿಬಿಡಬೇಕು. ಶನಿವಾರ ಒಂದು ಇದಕ್ಕೇ ಹೋಗುತ್ತದೆ. ಲೈನರ್ ಬದಲಿಸಿದಾಗ ವಸ್ತುವಿಗಿಂತ ಕೂಲಿಯೇ ಜಾಸ್ತಿಯಾಯಿತು.

ಅಂಕ ಕೇಳಿದರೆ ಐದಕ್ಕೆ ಮೂರೂವರೆ ಕೊಡುತ್ತೇನೆ, ಅದೂ ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಮಾತ್ರ. ಆ ವಯಸ್ಸಿನಲ್ಲಿ ಜುಲೈ ಮಧ್ಯಾಹ್ನಗಳು ಫೋನಿಲ್ಲದೆ ಕಳೆಯುತ್ತವೆ. ಅಕ್ಕಪಕ್ಕದ ಮಕ್ಕಳೂ ನಿಮ್ಮಲ್ಲೇ ಇರುತ್ತಾರೆ, ಅವರ ಹಸಿವಿಗೂ ನೀವೇ ಹೊಣೆ. ವ್ಯಾಯಾಮಕ್ಕೆ ಈಜಬೇಕು ಅನ್ನುವವರಿಗೆ 24 ಅಡಿ ಸಾಲದು, ಅವರು ಈಜುಕೊಳ ಇರುವ ವೈಎಂಸಿಎಯಂಥ ಕ್ಲಬ್ಬಿಗೆ ಹೋಗುವುದೇ ಸರಿ. ನಮ್ಮ ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಈ ಲೈನರ್ ಹೋದಮೇಲೆ ಇನ್ನೊಂದು ಹಾಕಿಸುವ ಯೋಚನೆ ಇಲ್ಲ. ಹಳೇ ಪೂಲಿಗೆ ಬೆಲೆ ಏನೂ ಬರುವುದಿಲ್ಲ, "ಬಿಚ್ಚಿಕೊಂಡು ಹೋಗುವವರಿಗೆ ಪುಕ್ಕಟೆ" ಅಂತ ಹಾಕಿದರೆ ಮಾತ್ರ ಜನ ಬರುತ್ತಾರೆ.