ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಕಾಯಿನ್ ಕಳಿಸಲು ಸೆಲೆನಿಯಂ, ಎನ್‌8ಎನ್, ಸಿಸಿಎಕ್ಸ್‌ಟಿ: ಮೂರನ್ನೂ ಬಳಸಿ ನೋಡಿದೆ

ನಾನಿರುವುದು ಸಿಡ್ನಿಯಲ್ಲಿ. ಕ್ರಿಪ್ಟೋ ಕಾಯಿನ್ ಕೊಳ್ಳುವ, ಮಾರುವ ಎಕ್ಸ್‌ಚೇಂಜ್‌ಗಳಲ್ಲಿ ನನ್ನದು ಎರಡು ಖಾತೆ: ಕ್ರಾಕೆನ್‌ನಲ್ಲಿ ಒಂದು, ಬೈನಾನ್ಸ್‌ನಲ್ಲಿ ಇನ್ನೊಂದು. ಎರಡರ ನಡುವೆ ಎಕ್ಸ್‌ಆರ್‌ಪಿ, ಯುಎಸ್‌ಡಿಟಿ ಅನ್ನುವ ಕಾಯಿನ್‌ಗಳು ಓಡಾಡ್ತಾನೇ ಇರುತ್ತವೆ, ಪ್ರತಿ ಸಲ ಲಾಗಿನ್ ಆಗಿ ವಿಳಾಸ ಅಂಟಿಸಿ ಕೋಡ್ ಹಾಕೋದು ಬೇಜಾರಾಗಿ ಈ ಕೆಲಸವನ್ನು ಸಾಫ್ಟ್‌ವೇರ್‌ಗೆ ವಹಿಸೋಣ ಅಂತ ಹೊರಟೆ.

ವೇಗ ನೋಡಿ ಟೂಲ್ ಆರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಮೂರೂ ಒಂದೇ. ಎಕ್ಸ್‌ಆರ್‌ಪಿ 3ರಿಂದ 5 ಸೆಕೆಂಡಿನಲ್ಲಿ ಮುಗಿಯುತ್ತದೆ, ಬಿಟ್‌ಕಾಯಿನ್‌ಗೆ ಒಂದು ಬ್ಲಾಕ್ ಬರಲು ಸರಾಸರಿ 10 ನಿಮಿಷ ಬೇಕು, ಅದಕ್ಕೆ ಯಾವ ಸ್ಕ್ರಿಪ್ಟೂ ಏನೂ ಮಾಡಲಾಗದು. ನಾನು ನೋಡಿದ್ದು ಬೇರೆ: ಮಧ್ಯದಲ್ಲಿ ಏನಾದರೂ ಕೈಕೊಟ್ಟರೆ ದುಡ್ಡು ಎಲ್ಲಿರುತ್ತದೆ?

ಸೆಲೆನಿಯಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬ್ರೌಸರ್ ತೆರೆದು ನಮ್ಮ ಬದಲು ಕ್ಲಿಕ್ ಮಾಡುತ್ತದೆ, ಅಷ್ಟೇ. ಸೈಟಿನವರು ಒಂದು ಬಟನ್ ಜಾಗ ಬದಲಿಸಿದರೂ ಸ್ಕ್ರಿಪ್ಟ್ ನಿಲ್ಲುತ್ತದೆ, ಕ್ಯಾಪ್ಚಾ ಬಂದರಂತೂ ಮುಗೀತು. 30 ಸೆಕೆಂಡಿಗೊಮ್ಮೆ ಬದಲಾಗುವ ಅಥೆಂಟಿಕೇಟರ್ ಕೋಡನ್ನು ಅದೇ ಹಾಕಬೇಕು ಅಂದರೆ ಆ ಕೋಡಿನ ಮೂಲ ರಹಸ್ಯವನ್ನೂ ಪಾಸ್‌ವರ್ಡ್ ಜೊತೆ ಅದೇ ಕಂಪ್ಯೂಟರಿನಲ್ಲಿ ಇಡಬೇಕು. ಆಮೇಲೆ ಎರಡನೇ ಹಂತದ ಭದ್ರತೆ ಅಂತ ಉಳಿಯೋದೇನು? ತೆಗೆದುಹಾಕಿದೆ.

ಎನ್‌8ಎನ್ ನೋಡಲು ಚೆಂದ. ಚೌಕಗಳನ್ನು ಎಳೆದು ಜೋಡಿಸಿದರೆ ಕೆಲಸ ಸಾಲಾಗಿ ನಡೆಯುತ್ತದೆ, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು, ಟೆಲಿಗ್ರಾಂಗೆ ಸುದ್ದಿಯನ್ನೂ ಕಳಿಸುತ್ತದೆ. ತಲೆನೋವು ಶುರುವಾಗೋದು ಸಹಿ ಹಾಕುವ ಕಡೆ, ಅಂದರೆ ಎಕ್ಸ್‌ಚೇಂಜ್‌ಗೆ ಕಳಿಸುವ ಕೋರಿಕೆ ನಮ್ಮದೇ ಅಂತ ರಹಸ್ಯ ಕೀಯಿಂದ ತೋರಿಸುವ ಕಡೆ. ಬೈನಾನ್ಸ್‌ಗೆ ಒಂದು ಎಸ್‌ಎಚ್‌ಎ-256 ಎಚ್‌ಮ್ಯಾಕ್ (ರಹಸ್ಯ ಕೀ ಸೇರಿಸಿ ಲೆಕ್ಕ ಹಾಕುವ ಡಿಜಿಟಲ್ ಮುದ್ರೆ) ಸಾಕು. ಕ್ರಾಕೆನ್‌ಗೆ ಮೊದಲು ನಾನ್ಸ್ (ಪ್ರತಿ ಕೋರಿಕೆಗೂ ಹೆಚ್ಚುತ್ತಾ ಹೋಗುವ ಸಂಖ್ಯೆ) ಮತ್ತು ಡೇಟಾ ಸೇರಿಸಿ ಎಸ್‌ಎಚ್‌ಎ-256 ಮಾಡಬೇಕು, ಅದರ ಮುಂದೆ ಪಾತ್ (ಕೋರಿಕೆ ಹೋಗುವ ವೆಬ್ ವಿಳಾಸದ ಭಾಗ) ಸೇರಿಸಬೇಕು, ರಹಸ್ಯ ಕೀಯನ್ನು ಬೇಸ್64ನಿಂದ ಬಿಡಿಸಿ, ಅದರಿಂದ ಮತ್ತೆ ಎಸ್‌ಎಚ್‌ಎ-512 ಎಚ್‌ಮ್ಯಾಕ್. ಇಷ್ಟೆಲ್ಲ ಕೋಡ್ ಬರೆಯೋದೇ ಆದರೆ ಚೌಕಗಳು ಯಾಕೆ ಬೇಕು, ಅಲ್ವಾ?

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಅಲ್ಲಿ ಪ್ರತಿ ಚೌಕಕ್ಕೂ ‘ಸೋತರೆ ಮತ್ತೆ ಪ್ರಯತ್ನಿಸು’ ಅನ್ನುವ ಸೆಟ್ಟಿಂಗ್ ಇದೆ. ಹವಾಮಾನದ ಮಾಹಿತಿ ತರಿಸಿಕೊಳ್ಳಲು ಅದು ಸರಿ. ವಿತ್‌ಡ್ರಾಗೆ, ಅಂದರೆ ಎಕ್ಸ್‌ಚೇಂಜ್‌ನಿಂದ ಕಾಯಿನ್ ಹೊರಗೆ ಕಳಿಸುವ ಹಂತಕ್ಕೆ, ಆನ್ ಮಾಡಿದರೆ ಅಪಾಯ, ಯಾಕೆಂದರೆ ಎಕ್ಸ್‌ಚೇಂಜ್ ಕೋರಿಕೆ ಸ್ವೀಕರಿಸಿ ಉತ್ತರ ಮಾತ್ರ ದಾರಿಯಲ್ಲಿ ತಪ್ಪಿರಬಹುದು, ಟೂಲ್ ಅದನ್ನು ಸೋಲು ಅಂತ ತಿಳಿದು ಇನ್ನೊಮ್ಮೆ ಕಳಿಸುತ್ತದೆ, ಹಣ ಎರಡು ಸಲ ಹೋಗುತ್ತದೆ.

ನನಗೆ ಒಗ್ಗಿದ್ದು ಸಿಸಿಎಕ್ಸ್‌ಟಿ. ಇದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿಯಲ್ಲೆಲ್ಲ ಸಿಗುತ್ತದೆ, ನೂರಕ್ಕೂ ಹೆಚ್ಚು ಎಕ್ಸ್‌ಚೇಂಜ್‌ಗಳ ಜೊತೆ ಮಾತಾಡುತ್ತದೆ. ಸಹಿ ಅದೇ ಹಾಕುತ್ತದೆ. ಉತ್ತರ ಬರದಿದ್ದರೆ ‘ರಿಕ್ವೆಸ್ಟ್ ಟೈಮ್‌ಔಟ್’ ಅಂತ ಬೇರೆಯೇ ದೋಷ ಎಸೆಯುತ್ತದೆ, ಆಗ ಮತ್ತೆ ಕಳಿಸದೆ ಮೊದಲು ವಿತ್‌ಡ್ರಾ ಪಟ್ಟಿ ತರಿಸಿ ನೋಡು ಅಂತ ನಾಲ್ಕು ಸಾಲು ಬರೆದಿಟ್ಟರೆ ನೆಮ್ಮದಿ. ಎಕ್ಸ್‌ಆರ್‌ಪಿ ಕಳಿಸುವಾಗ ಡೆಸ್ಟಿನೇಶನ್ ಟ್ಯಾಗ್‌ಗೆ (ಕಾಯಿನ್ ಯಾರ ಖಾತೆಗೆ ಅಂತ ಎಕ್ಸ್‌ಚೇಂಜ್‌ಗೆ ಹೇಳುವ ಸಂಖ್ಯೆ) ಬೇರೆ ಜಾಗವೇ ಇದೆ. ಟ್ಯಾಗ್ ಬಿಟ್ಟು ಕಳಿಸೋದು ಅಪಾರ್ಟ್‌ಮೆಂಟ್ ಹೆಸರು ಬರೆದು ಫ್ಲ್ಯಾಟ್ ನಂಬರ್ ಬಿಟ್ಟ ಹಾಗೆ.

ನೆಟ್‌ವರ್ಕ್ ಹೆಸರು ಮಾತ್ರ ನೀವೇ ನೋಡಿಕೊಳ್ಳಬೇಕು. ಯುಎಸ್‌ಡಿಟಿ ಹಲವು ನೆಟ್‌ವರ್ಕ್‌ಗಳಲ್ಲಿ ಓಡುತ್ತದೆ; ಅದರ ಟ್ರಾನ್ ನೆಟ್‌ವರ್ಕ್ ವಿಳಾಸ ‘ಟಿ’ಯಿಂದ ಶುರುವಾಗುತ್ತದೆ, ನೋಡಿದರೆ ಗೊತ್ತಾಗುತ್ತದೆ. ಇಆರ್‌ಸಿ-20 (ಇಥೀರಿಯಂ ನೆಟ್‌ವರ್ಕ್) ಮತ್ತು ಬಿಇಪಿ-20 (ಬಿಎನ್‌ಬಿ ಚೈನ್) ಎರಡರದ್ದೂ ‘0ಎಕ್ಸ್’ ವಿಳಾಸ, ಹಾಗಾಗಿ ನೆಟ್‌ವರ್ಕ್ ತಪ್ಪಿದರೂ ವಿಳಾಸ ನೋಡಿ ಹೇಳಲಾಗದು.

ಕೀ ಕಳುವಾದರೆ? ಕ್ರಾಕೆನ್‌ನಲ್ಲಿ ವಿಳಾಸವನ್ನು ಮೊದಲೇ ಖಾತೆಯಲ್ಲಿ ಒಂದು ಹೆಸರು ಕೊಟ್ಟು ಸೇರಿಸಿರಬೇಕು, ಎಪಿಐಗೆ (ಪ್ರೋಗ್ರಾಂಗಳು ಎಕ್ಸ್‌ಚೇಂಜ್ ಜೊತೆ ಮಾತಾಡುವ ದಾರಿ) ಆ ಹೆಸರನ್ನು ಕೊಡಬೇಕು. ಶುರುವಲ್ಲಿ ಕಿರಿಕಿರಿ ಅನ್ನಿಸಿತು, ಈಗ ಅದೇ ಇಷ್ಟ: ಕಳ್ಳನಿಗೆ ಕೀ ಸಿಕ್ಕರೂ ತನ್ನ ವಿಳಾಸಕ್ಕೆ ಕಳಿಸಿಕೊಳ್ಳಲು ಆಗದು. ಬೈನಾನ್ಸ್ ಐಪಿ ಕಟ್ಟುಪಾಡು (ಇಂಥ ಇಂಟರ್ನೆಟ್ ವಿಳಾಸದಿಂದ ಮಾತ್ರ ಕೀ ಬಳಸಬಹುದು ಅನ್ನುವ ಮಿತಿ) ಹಾಕದೆ ಕೀಗೆ ವಿತ್‌ಡ್ರಾ ಅನುಮತಿ ಕೊಡೋದಿಲ್ಲ, ವಿಳಾಸದ ವೈಟ್‌ಲಿಸ್ಟ್ (ಒಪ್ಪಿದ ವಿಳಾಸಗಳಿಗೆ ಮಾತ್ರ ಕಳಿಸುವ ಪಟ್ಟಿ) ನಾವೇ ಆನ್ ಮಾಡಬೇಕು. ಮನೆಯ ಇಂಟರ್ನೆಟ್ ಐಪಿ ಬದಲಾಗುತ್ತಿದ್ದರೆ ಸ್ಥಿರ ಐಪಿಯ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ಬೇಕು. ಟೆಲಿಗ್ರಾಂನಲ್ಲಿ ‘ಕೀ ಕೊಡಿ, ಬಾಟ್ ಎಲ್ಲ ನೋಡಿಕೊಳ್ಳುತ್ತದೆ’ ಅನ್ನುವವರ ಕಡೆ ತಲೆ ಹಾಕಿಯೂ ಮಲಗಬೇಡಿ.

ಊರಿನಲ್ಲಿ, ಅಂದರೆ ಭಾರತದಲ್ಲಿ ಇರುವವರಿಗೆ ಒಂದು ಮಾತು. ನಿಮ್ಮದೇ ಒಂದು ಖಾತೆಯಿಂದ ಇನ್ನೊಂದಕ್ಕೆ ಕಳಿಸೋದು ಮಾರಾಟವಲ್ಲ. ಆದರೆ ಶುಲ್ಕ ಉಳಿಸಲು ಯುಎಸ್‌ಡಿಟಿಯನ್ನು ಎಕ್ಸ್‌ಆರ್‌ಪಿಗೆ ಬದಲಿಸಿ ಕಳಿಸುವ ಹಂತವನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಿದರೆ ಲೆಕ್ಕ ಬೇರೆ. ಆ ಬದಲಾವಣೆಗೆ 2022ರ ಜುಲೈ 1ರಿಂದ 1% ಟಿಡಿಎಸ್ ಇದೆ, ಲಾಭ ಬಂದರೆ 30% ತೆರಿಗೆ.

ಈಗ ಕಳಿಸೋದು ಸಿಸಿಎಕ್ಸ್‌ಟಿ, ಸುದ್ದಿ ಮುಟ್ಟಿಸೋದು ಎನ್‌8ಎನ್, ಅದರ ಹತ್ತಿರ ಓದುವ ಅನುಮತಿ ಮಾತ್ರ ಇರುವ ಕೀ. ಹೊಸ ವಿಳಾಸಕ್ಕೆ ಮೊದಲು ಸಣ್ಣ ಮೊತ್ತ. ಎಕ್ಸ್‌ಆರ್‌ಪಿಯಲ್ಲಾದರೆ ಆ ಪರೀಕ್ಷೆಯ ಶುಲ್ಕ ಲೆಕ್ಕಕ್ಕೇ ಬರೋದಿಲ್ಲ, ಇಆರ್‌ಸಿ-20ಯಲ್ಲಿ ಎರಡು ಸಲ ಶುಲ್ಕ ಕಟ್ಟುವಾಗ ಹೊಟ್ಟೆ ಉರಿಯುತ್ತದೆ, ಆದರೂ ಕಟ್ಟುತ್ತೇನೆ.